ಕೊನೆಯ ಕೆಲಸದವರು ಒಂದೆಡೆ ಸೇರಲಿ



2020ರ ಜೂನ್ ಕೊನೆಯಲ್ಲಿ ಬಳ್ಳಾರಿಯ ಒಂದು ವಿಡಿಯೊ ನಾಡಿನುದ್ದಕ್ಕೂ ಮೊಬೈಲಿನಿಂದ ಮೊಬೈಲಿಗೆ ಹರಿಯಿತು. ಕೋವಿಡ್‌ನಿಂದ ತೀರಿಕೊಂಡವರ ದೇಹಗಳನ್ನು ಕಪ್ಪು ಹಾಳೆಯಲ್ಲಿ ಸುತ್ತಿ, ಒಂದಾದ ಮೇಲೊಂದರಂತೆ ಗುಂಡಿಗೆ ಎಸೆಯುತ್ತಿದ್ದರು. ಜಿಲ್ಲಾಡಳಿತ ಬಹಿರಂಗವಾಗಿ ಕ್ಷಮೆ ಕೇಳಿತು. ಆ ತಂಡವನ್ನು ಪೂರ್ತಿ ಬದಲಿಸಿ, ವಿಮ್ಸ್ ಆಸ್ಪತ್ರೆಯ ವಿಧಿವಿಜ್ಞಾನ ವಿಭಾಗದ ಮುಖ್ಯಸ್ಥರ ಕೈಕೆಳಗೆ ತರಬೇತಿ ಪಡೆದ ಹೊಸ ತಂಡ ಕಟ್ಟುವುದಾಗಿ ಪ್ರಕಟಿಸಿತು.

ಎಸೆದ ಕೈಗಳನ್ನು ಬೈದವರಿಗೆ ಲೆಕ್ಕವಿಲ್ಲ. ಆ ಕೈಗಳಿಗೆ ಯಾರು, ಯಾವಾಗ, ಎಲ್ಲಿ ಕೆಲಸ ಕಲಿಸಿದ್ದರು ಎಂದು ಕೇಳಿದವರು ಕಡಿಮೆ. ಕೇಂದ್ರ ಆರೋಗ್ಯ ಸಚಿವಾಲಯ ಅದೇ ವರ್ಷದ ಮಾರ್ಚ್‌ನಲ್ಲೇ ಮೃತದೇಹ ನಿರ್ವಹಣೆಯ ಮಾರ್ಗಸೂಚಿ ಹೊರಡಿಸಿತ್ತು. ಕಾಗದ ದೆಹಲಿಯಿಂದ ಹೊರಟಿತ್ತು. ಗುಂಡಿಯ ಅಂಚಿನಲ್ಲಿ ನಿಂತವನ ತನಕ ಅದು ತಲುಪುವ ದಾರಿ ಇರಲಿಲ್ಲ. ಇವತ್ತಿನ ಉಪನ್ಯಾಸ ಆ ದಾರಿಯ ಕುರಿತು: ಸತ್ತವರನ್ನು ಕಳುಹಿಸಿಕೊಡುವ ಕಸುಬಿನವರು ವರ್ಷಕ್ಕೊಮ್ಮೆಯಾದರೂ ಒಂದೆಡೆ ಸೇರಿ, ಕಲಿತು, ಕಲಿಸಿ, ತಮ್ಮ ಲೆಕ್ಕವನ್ನು ತಾವೇ ಒಪ್ಪಿಸಬೇಕಾದ ಅಗತ್ಯದ ಕುರಿತು.

ವೈದ್ಯರು, ವಕೀಲರು, ಲೆಕ್ಕಪರಿಶೋಧಕರು, ಹೋಟೆಲ್ ಮಾಲೀಕರು, ಎಲ್ಲರಿಗೂ ಬೆಂಗಳೂರಿನಲ್ಲಿ ಸಂಘವಿದೆ, ಸಮ್ಮೇಳನವಿದೆ. ಮದುವೆಯ ಒಡವೆ, ಸೀರೆ, ಅಲಂಕಾರಕ್ಕೆ ಅರಮನೆ ಮೈದಾನದಲ್ಲಿ ಪ್ರದರ್ಶನಗಳೇ ನಡೆಯುತ್ತವೆ. ಶವವಾಹನ ಓಡಿಸುವವರು, ಫ್ರೀಜರ್ ಪೆಟ್ಟಿಗೆ ಬಾಡಿಗೆಗೆ ಕೊಡುವವರು, ಚಟ್ಟ ಕಟ್ಟುವವರು, ಗುಂಡಿ ತೋಡುವವರು, ವಿದ್ಯುತ್ ಚಿತಾಗಾರದ ಕುಲುಮೆ ನೋಡಿಕೊಳ್ಳುವವರು, ಶವಾಗಾರದ ಸಿಬ್ಬಂದಿ, ಅಪರಕರ್ಮ ಮಾಡಿಸುವ ಪುರೋಹಿತರು, ಶವಪೆಟ್ಟಿಗೆ ಮಾಡುವ ಬಡಗಿಗಳು ಒಂದೇ ಸಾವಿನ ಸುತ್ತ ಕೆಲಸ ಮಾಡುತ್ತಾರೆ. ಹಾಗಿದ್ದೂ ಒಬ್ಬರ ಕೆಲಸ ಇನ್ನೊಬ್ಬರಿಗೆ ಅರ್ಧಂಬರ್ಧ ಗೊತ್ತು.

ದಕ್ಷಿಣ ಬೆಂಗಳೂರಿನಲ್ಲಿ ಈ ಕಸುಬಿನ ಭಾರ ದಿನದಿನಕ್ಕೆ ಹೆಚ್ಚುತ್ತಿದೆ. 1948ರಲ್ಲಿ ಅಡಿಗಲ್ಲು ಕಂಡ ಜಯನಗರದಲ್ಲಿ ಮಕ್ಕಳು ಹೊರದೇಶ ಸೇರಿ, ಅಪ್ಪ ಅಮ್ಮ ಇಬ್ಬರೇ ಉಳಿದ ಮನೆಗಳು ಬೀದಿ ಬೀದಿಯಲ್ಲೂ ಸಿಗುತ್ತವೆ. ಸಾವು ಸಂಭವಿಸಿದಾಗ ಹೆಗಲು ಕೊಡಲು ನಾಲ್ಕು ಜನ ಸೇರುವುದೇ ಕಷ್ಟ. ಡಲ್ಲಾಸ್‌ನಿಂದಲೋ ಸಿಡ್ನಿಯಿಂದಲೋ ಮಗ ಬರುವ ತನಕ ದೇಹ ಕಾಯಬೇಕು. ಫ್ರೀಜರ್ ಪೆಟ್ಟಿಗೆ ಬೇಕು. ಕರೆಂಟು ಹೋದರೆ ಏನು ಮಾಡುವುದೆಂದು ತಿಳಿದವರು ಬೇಕು. ಲಿಫ್ಟ್ ಚಿಕ್ಕದಿರುವ ಹಳೆಯ ಅಪಾರ್ಟ್‌ಮೆಂಟಿನಲ್ಲಿ ಮೂರನೇ ಮಹಡಿಯಿಂದ ದೇಹವನ್ನು ಮೆಟ್ಟಿಲ ತಿರುವಿನಲ್ಲಿ ವಾಲದಂತೆ, ಗೋಡೆಗೆ ತಾಗದಂತೆ, ನೋಡುತ್ತ ನಿಂತ ಹೆಂಡತಿಯ ಎದೆ ಒಡೆಯದಂತೆ ಇಳಿಸುವುದು ಒಂದು ವಿದ್ಯೆ. ಅದನ್ನು ಯಾವ ಪಠ್ಯಪುಸ್ತಕವೂ ಹೇಳಿಕೊಡುವುದಿಲ್ಲ.

ಇನ್ನೊಂದು ಕಡೆ ಜಯದೇವ, ಕಿದ್ವಾಯಿ, ನಿಮ್ಹಾನ್ಸ್, ಸಂಜಯ ಗಾಂಧಿ, ಜಯನಗರ ಸಾರ್ವಜನಿಕ ಆಸ್ಪತ್ರೆ. ರಾಯಚೂರು, ಕಲಬುರಗಿ, ಚಾಮರಾಜನಗರಗಳಿಂದ ಆಸೆ ಹೊತ್ತು ಬಂದವರಲ್ಲಿ ಕೆಲವರು ಇಲ್ಲೇ ಉಸಿರು ಬಿಡುತ್ತಾರೆ. ಬಂಧುಗಳಿಗೆ ಊರಿನ ಮಣ್ಣಿಗೇ ದೇಹ ಸೇರಿಸಬೇಕೆಂಬ ಹಂಬಲ. ಕೈಯಲ್ಲಿ ಉಳಿದ ದುಡ್ಡೆಷ್ಟು, ಊರು ಎಷ್ಟು ದೂರ, ಯಾವ ಕಾಗದ ಬೇಕು, ಒಂದೂ ಗೊತ್ತಿರುವುದಿಲ್ಲ. ಆಸ್ಪತ್ರೆಯ ಗೇಟಿನ ಬಳಿ ಎದುರಾಗುವ ವಾಹನದವನು ಹೇಳಿದ್ದೇ ದರ, ಹೇಳಿದ್ದೇ ನಿಯಮ.

ಹೀಗಾಗಿ ಈ ಕಸುಬಿನಲ್ಲಿ ತಿಳಿಯಬೇಕಾದ ವಿಷಯ ಹೊರಗಿನವರು ಎಣಿಸುವುದಕ್ಕಿಂತ ಬಹಳ ಹೆಚ್ಚು. ಜಯದೇವ ಹೃದ್ರೋಗ ಸಂಸ್ಥೆಯ ನೆರೆಹೊರೆಯಲ್ಲೇ ನಿಂತು ಒಂದು ಉದಾಹರಣೆ ನೋಡೋಣ. ಎದೆಯೊಳಗೆ ಪೇಸ್‌ಮೇಕರ್ ಇರುವ ದೇಹವನ್ನು ಹಾಗೆಯೇ ಕುಲುಮೆಗೆ ಇಟ್ಟರೆ ಕಾವಿಗೆ ಅದರ ಬ್ಯಾಟರಿ ಸಿಡಿಯುತ್ತದೆ. ಕುಲುಮೆಯ ಇಟ್ಟಿಗೆಗೆ ಪೆಟ್ಟು, ಹತ್ತಿರ ನಿಂತವನ ಜೀವಕ್ಕೆ ಅಪಾಯ. ಬ್ರಿಟನ್ನಿನ ಚಿತಾಗಾರಗಳ ಸಿಬ್ಬಂದಿಯನ್ನು ಕೇಳಿ ನಡೆಸಿದ ಒಂದು ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಸುಮಾರು ಅರ್ಧದಷ್ಟು ಮಂದಿ ಇಂಥ ಸ್ಫೋಟ ಕಂಡಿದ್ದರು. ಆದ್ದರಿಂದ ಉಪಕರಣವನ್ನು ಮೊದಲೇ ತೆಗೆಸಬೇಕು. ಅದನ್ನು ಕೇಳಬೇಕಾದವರು ಯಾರು? ಆಸ್ಪತ್ರೆಯ ವೈದ್ಯರೇ, ವಾಹನದವರೇ, ಚಿತಾಗಾರದ ಗುಮಾಸ್ತರೇ? ಮೂವರೂ ಒಮ್ಮೆಯೂ ಎದುರುಬದುರು ಕೂರದಿದ್ದರೆ ಆ ಪ್ರಶ್ನೆಯನ್ನು ಮೂವರೂ ಇನ್ನೊಬ್ಬರಿಗೆ ಬಿಡುತ್ತಾರೆ.

ಕಾಗದಪತ್ರದ ಕಥೆಯೂ ಹೀಗೆಯೇ. 1969ರ ಜನನ ಮತ್ತು ಮರಣ ನೋಂದಣಿ ಕಾಯ್ದೆಯ ಪ್ರಕಾರ ಸಾವನ್ನು 21 ದಿನಗಳೊಳಗೆ ನೋಂದಾಯಿಸಬೇಕು. ಆಸ್ಪತ್ರೆಯಲ್ಲಿ ತೀರಿಕೊಂಡರೆ ಸಾವಿನ ಕಾರಣ ಬರೆಯಲು ನಮೂನೆ 4, ಮನೆಯಲ್ಲಿ ತೀರಿಕೊಂಡರೆ 4ಎ. ಕೊನೆಯ ಕಾಯಿಲೆಯಲ್ಲಿ ನೋಡಿಕೊಂಡ ವೈದ್ಯರು ಈ ಪ್ರಮಾಣಪತ್ರಕ್ಕೆ ಶುಲ್ಕ ಪಡೆಯುವಂತಿಲ್ಲ ಎಂದು ಕಾಯ್ದೆಯೇ ಹೇಳುತ್ತದೆ. ಈ ಒಂದು ಸಾಲು ಗೊತ್ತಿದ್ದ ಶವವಾಹನ ಚಾಲಕ ಒಂದು ಬಡ ಕುಟುಂಬಕ್ಕೆ ಎಷ್ಟು ದೊಡ್ಡ ಉಪಕಾರ ಮಾಡಬಲ್ಲ! ದೇಹ ವಿಮಾನದಲ್ಲಿ ಹೋಗಬೇಕಿದ್ದರೆ ಕೆಡದಂತೆ ಸಂಸ್ಕರಿಸಿದ ಪ್ರಮಾಣಪತ್ರ, ಪೊಲೀಸರ ನಿರಾಕ್ಷೇಪಣಾ ಪತ್ರ, ಮೊಹರು ಹಾಕಿದ ಪೆಟ್ಟಿಗೆ. ಹೊರದೇಶದವರಾಗಿದ್ದರೆ ಅವರ ದೂತಾವಾಸದ ಒಪ್ಪಿಗೆ ಬೇರೆ. ಇವು ಯಾವುವೂ ಗುಟ್ಟಿನ ವಿಷಯಗಳಲ್ಲ, ಆದರೂ ಬಾಯಿಂದ ಬಾಯಿಗೆ, ತಪ್ಪುತಪ್ಪಾಗಿ, ಕೆಲವೊಮ್ಮೆ ದುಡ್ಡಿಗೆ ಮಾರುವ ಸರಕಾಗಿ ಓಡಾಡುತ್ತಿವೆ.

ಇನ್ನು ಆಚಾರದ ವೈವಿಧ್ಯ. ಬನಶಂಕರಿಯಲ್ಲೋ ವಿಲ್ಸನ್ ಗಾರ್ಡನ್ನಿನಲ್ಲೋ ವಿದ್ಯುತ್ ಚಿತಾಗಾರಕ್ಕೆ ಒಯ್ಯುವವರಿದ್ದಾರೆ; ಲಿಂಗಾಯತರಲ್ಲಿ ದೇಹವನ್ನು ಕೂರಿಸಿ ವಿಭೂತಿಯೊಡನೆ ಸಮಾಧಿ ಮಾಡುತ್ತಾರೆ; ಊರ ಕಡೆಯ ಎಷ್ಟೋ ಮನೆತನಗಳಲ್ಲಿ ಸ್ವಂತ ಜಮೀನಿನಲ್ಲೇ ಮಣ್ಣು ಮಾಡಿ ಮೂರನೇ ದಿನ ಹಾಲು ತುಪ್ಪ ಬಿಡುತ್ತಾರೆ. ಮುಸ್ಲಿಮರಲ್ಲಿ ಮೈ ತೊಳೆಸಿ ಕಫನ್ ತೊಡಿಸಿ ಆದಷ್ಟು ಬೇಗ ಖಬರಸ್ತಾನಕ್ಕೆ ಒಯ್ಯಬೇಕು. ಕ್ರೈಸ್ತರಿಗೆ ಶವಪೆಟ್ಟಿಗೆ, ಪ್ರಾರ್ಥನೆ, ಹೊಸೂರು ರಸ್ತೆಯ ಸ್ಮಶಾನ. ನಂದಿದುರ್ಗ ರಸ್ತೆಯಲ್ಲಿ ಪಾರ್ಸಿಗಳ ಮೌನಗೋಪುರವಿದೆ, ಮೈಸೂರು ರಸ್ತೆಯಲ್ಲಿ ಯಹೂದಿಗಳ ಸ್ಮಶಾನವಿದೆ. ಬಿ.ಟಿ.ಎಂ. ಬಡಾವಣೆಯ ಒಂದು ಬೀದಿಯಲ್ಲಿ ಬಾಡಿಗೆಗಿರುವ ಯುವಕರು ಹತ್ತು ರಾಜ್ಯಗಳವರು. ಅವರಲ್ಲೊಬ್ಬ ಅಪಘಾತದಲ್ಲಿ ತೀರಿಕೊಂಡರೆ ಫೋನು ಎತ್ತುವ ಶವಸಂಸ್ಕಾರದವನಿಗೆ ಆ ಮನೆಯ ಪದ್ಧತಿಯನ್ನು ಕೇಳಿ ತಿಳಿಯುವಷ್ಟು ಸೌಜನ್ಯವಾದರೂ ಇರಬೇಕು.

2021ರ ಏಪ್ರಿಲ್, ಮೇ ತಿಂಗಳುಗಳು ಈ ಕಸುಬಿನ ಪರೀಕ್ಷೆಯ ಕಾಲ. ಬನಶಂಕರಿ, ಕೂಡ್ಲು, ಕೆಂಗೇರಿ, ಸುಮನಹಳ್ಳಿ, ಪೀಣ್ಯ, ಪಣತ್ತೂರು, ಮೇಡಿ ಅಗ್ರಹಾರಗಳ ಚಿತಾಗಾರಗಳನ್ನು ಬಿಬಿಎಂಪಿ ಕೋವಿಡ್ ಶವಗಳಿಗೆ ಮೀಸಲಿಟ್ಟಿತು. ಹೊರಗೆ ಆಂಬುಲೆನ್ಸ್‌ಗಳ ಸಾಲು. ಸಾಲದ್ದಕ್ಕೆ ತಾವರೆಕೆರೆಯಲ್ಲಿ, ಗಿಡ್ಡೇನಹಳ್ಳಿಯಲ್ಲಿ ಬಯಲಿನಲ್ಲೇ ಸೌದೆ ಒಟ್ಟಿ ಸುಡುವ ವ್ಯವಸ್ಥೆಯಾಯಿತು. ವಿದ್ಯುತ್ ಕುಲುಮೆ ಬಿಡುವಿಲ್ಲದೆ ಉರಿದರೆ ಒಳಗಿನ ಕಾಯಿಲ್ ಸುಟ್ಟುಹೋಗುತ್ತದೆ, ಬೆಂಕಿ ಇಟ್ಟಿಗೆ ಬಿರಿಯುತ್ತದೆ. ಯಾವಾಗ ನಿಲ್ಲಿಸಬೇಕು, ಎಷ್ಟು ಹೊತ್ತು ಆರಲು ಬಿಡಬೇಕು ಎಂಬುದನ್ನು ಬಲ್ಲವರು ಅಲ್ಲಿನ ಕೆಲಸಗಾರರೇ. ಕಾಲೊನಿಯ ಜನ ಮನೆ ಬಾಗಿಲು ಹಾಕಿಕೊಂಡಿದ್ದಾಗ ಅವರು ಹಗಲು ರಾತ್ರಿ ಕಾವಿನ ಮುಂದೆ ನಿಂತರು. ಮರ್ಸಿ ಮಿಷನ್‌ನಂಥ ಒಕ್ಕೂಟಗಳ ಸ್ವಯಂಸೇವಕರು ಜಾತಿ ಧರ್ಮ ನೋಡದೆ ಶವ ಹೊತ್ತರು. ಯಾರೂ ಬಾರದೆ ಉಳಿದ ನೂರಾರು ಅಸ್ಥಿಗಳನ್ನು ಜೂನ್‌ನಲ್ಲಿ ಆಗಿನ ಕಂದಾಯ ಸಚಿವ ಆರ್. ಅಶೋಕ ಅವರು ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯಲ್ಲಿ ಕಾವೇರಿಗೆ ಬಿಟ್ಟರು.

ಆ ಎರಡು ತಿಂಗಳಲ್ಲಿ ಕಲಿತದ್ದು ಎಲ್ಲಿದೆ? ಯಾವ ಕುಲುಮೆ ಎಷ್ಟು ದೇಹಗಳಿಗೆ ಸೋತಿತು, ಟೋಕನ್ ಪದ್ಧತಿ ಎಲ್ಲಿ ಕೆಲಸ ಮಾಡಿತು, ಕೆಲಸಗಾರರ ಮನಸ್ಸಿಗೆ ಏನಾಯಿತು, ಮುಂದಿನ ಸಲ ಏನು ಬದಲಿಸಬೇಕು, ಇವು ಆ ಕೆಲಸಗಾರರ ನೆನಪಿನಲ್ಲಿವೆ, ಅಷ್ಟೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2021ರ ಮೇ ತಿಂಗಳಲ್ಲಿ ಮೃತರ ಘನತೆ ಕಾಯುವ ಕುರಿತು ಸರ್ಕಾರಗಳಿಗೆ ಸಲಹಾಪತ್ರ ಕಳಿಸಿತು. ಅದನ್ನು ಕಸುಬಿನವರ ಮುಂದೆ ಓದಿ ಚರ್ಚಿಸಲು ವೇದಿಕೆ ಬೇಕಲ್ಲವೇ?

ಹೊರದೇಶಗಳಲ್ಲಿ ಈ ವೇದಿಕೆ ಹೇಗೆ ಹುಟ್ಟಿತು ಎಂಬುದನ್ನು ನೋಡುವುದು ಒಳ್ಳೆಯದು. ಅಮೆರಿಕದಲ್ಲಿ ಹತ್ತೊಂಬತ್ತನೇ ಶತಮಾನದ ಶವಸಂಸ್ಕಾರದವರಲ್ಲಿ ಹೆಚ್ಚಿನವರು ಪೀಠೋಪಕರಣ ಮಾಡುವ ಬಡಗಿಗಳು ಮತ್ತು ಕುದುರೆ ಗಾಡಿ ಇಟ್ಟವರು. ಪೆಟ್ಟಿಗೆ ಮಾಡಿದವನೇ ಕ್ರಮೇಣ ಎಲ್ಲ ಜವಾಬ್ದಾರಿಗೂ ಹೆಗಲು ಕೊಟ್ಟ. 1880ರಲ್ಲಿ ಮಿಷಿಗನ್ ರಾಜ್ಯದವರು ಸಂಘ ಕಟ್ಟಿದರು. 1882ರಲ್ಲಿ ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್‌ನಲ್ಲಿ ರಾಷ್ಟ್ರಮಟ್ಟದ ಸಭೆ ಸೇರಿತು. ಇವತ್ತಿನ ರಾಷ್ಟ್ರೀಯ ಶವಸಂಸ್ಕಾರ ನಿರ್ದೇಶಕರ ಸಂಘದ ಬೇರು ಅಲ್ಲಿದೆ. ಇಂದಿಗೂ ಅವರ ವಾರ್ಷಿಕ ಸಮ್ಮೇಳನದಲ್ಲಿ ಉಪನ್ಯಾಸ, ಪ್ರಾತ್ಯಕ್ಷಿಕೆ, ವಸ್ತು ಪ್ರದರ್ಶನ ಮೂರೂ ಇರುತ್ತವೆ. ಅಲ್ಲಿನ ಎಷ್ಟೋ ರಾಜ್ಯಗಳಲ್ಲಿ ಪರವಾನಗಿ ನವೀಕರಿಸಲು ಇಂತಿಷ್ಟು ಗಂಟೆ ಹೊಸದಾಗಿ ಕಲಿತಿರಬೇಕು. ಸಮ್ಮೇಳನದ ತರಗತಿಗಳು ಆ ಲೆಕ್ಕಕ್ಕೆ ಸೇರುತ್ತವೆ. ನಮ್ಮಲ್ಲಿ ಈ ಕಸುಬಿಗೆ ಪ್ರತ್ಯೇಕ ಪರವಾನಗಿಯೂ ಇಲ್ಲ, ಪರೀಕ್ಷೆಯೂ ಇಲ್ಲ. ಒಂದು ವ್ಯಾನು, ಒಂದು ಮೊಬೈಲು ಇದ್ದವರು ನಾಳೆಯೇ ಶುರುಮಾಡಬಹುದು. ಕಾನೂನು ಕಲಿಸದ ಕಡೆ ಸಮ್ಮೇಳನದ ಹೊಣೆ ಇಮ್ಮಡಿ.

ಜಪಾನಿನ ಉದಾಹರಣೆ ಇನ್ನೂ ಹತ್ತಿರದ್ದು. ಅಲ್ಲಿಯೂ ಹೆಣ ಮುಟ್ಟುವ ಕೆಲಸವನ್ನು ಸಮಾಜ ಬಹುಕಾಲ ಕೀಳಾಗಿ ಕಂಡಿತು. ದೇಹಕ್ಕೆ ಬಟ್ಟೆ ತೊಡಿಸಿ ಪೆಟ್ಟಿಗೆಯಲ್ಲಿ ಮಲಗಿಸುವವನ ಬದುಕನ್ನು ಹೇಳಿದ ‘ಡಿಪಾರ್ಚರ್ಸ್’ ಸಿನಿಮಾಕ್ಕೆ 2009ರಲ್ಲಿ ಆಸ್ಕರ್ ಬಂದ ಮೇಲೆ ಜನ ಆ ಕೆಲಸದ ಕಡೆ ಬೇರೆ ಕಣ್ಣಿನಿಂದ ನೋಡಿದರು. 2015ರಿಂದ ಟೋಕಿಯೊದಲ್ಲಿ ಬಾಳಿನ ಕೊನೆಗೆ ಸಂಬಂಧಿಸಿದ ಉದ್ಯಮಗಳ ದೊಡ್ಡ ಪ್ರದರ್ಶನ ನಡೆಯುತ್ತಿದೆ. 2017ರಲ್ಲಿ ಅಲ್ಲಿ ಮಂತ್ರ ಪಠಿಸುವ ಪೆಪ್ಪರ್ ಎಂಬ ರೋಬೊ ಪ್ರಪಂಚದ ಪತ್ರಿಕೆಗಳಲ್ಲೆಲ್ಲ ಕಾಣಿಸಿತು. ಅದಕ್ಕಿಂತ ಗಮನಿಸಬೇಕಾದದ್ದು ಅದೇ ಪ್ರದರ್ಶನದಲ್ಲಿ ನಡೆದ ಸ್ಪರ್ಧೆ. ದೇಹ ಸಿಂಗರಿಸುವ ಕಸುಬಿನವರು ತೀರ್ಪುಗಾರರ ಎದುರು, ಜೀವಂತ ಸ್ವಯಂಸೇವಕರನ್ನು ಮಲಗಿಸಿಕೊಂಡು, ಮೈ ಎಲ್ಲೂ ತೆರೆದು ಕಾಣದಂತೆ ಬಟ್ಟೆ ಬದಲಿಸಿ ತೋರಿಸಿದರು. ಮುಚ್ಚಿದ ಕೋಣೆಯಲ್ಲಿ ನಡೆಯುವ ಕೈಚಳಕ ನೂರಾರು ಜನರೆದುರು ಬಂತು. ಇನ್ನೊಬ್ಬ ಕುಶಲನ ಬೆರಳು ಹೇಗೆ ಆಡುತ್ತದೆಂದು ಕಣ್ಣಾರೆ ನೋಡಿದ ಕಿರಿಯ ಕೆಲಸಗಾರ ಮನೆಗೆ ಹಿಂದಿನಂತೆ ಮರಳುವುದಿಲ್ಲ.

ಇಟಲಿಯ ಬೊಲೊನ್ಯಾದಲ್ಲಿ, ಬ್ರಿಟನ್ನಿನಲ್ಲಿ, ಹಾಂಗ್‌ಕಾಂಗ್‌ನಲ್ಲಿ ಇಂಥ ಪ್ರದರ್ಶನಗಳುಂಟು. ನೀರಿನಲ್ಲಿ ಕ್ಷಾರ ಬೆರೆಸಿ ದೇಹ ಕರಗಿಸುವ ಹೊಸ ವಿಧಾನದಿಂದ ಹಿಡಿದು ಕಡಿಮೆ ಹೊಗೆಯ ಕುಲುಮೆಯ ತನಕ ಎಲ್ಲವೂ ಮೊದಲು ಪರಿಚಯವಾಗುವುದು ಇಂಥಲ್ಲಿ. ಭಾರತದಲ್ಲೂ ತೋರಿಸಬೇಕಾದ್ದು ಇದೆ. ಸಾಮಾನ್ಯ ಚಿತೆಗೆ ನಾಲ್ಕೈದು ಕ್ವಿಂಟಲ್ ಸೌದೆ ಹಿಡಿಯುತ್ತದೆ. ದೆಹಲಿಯ ಮೋಕ್ಷದಾ ಸಂಸ್ಥೆ ರೂಪಿಸಿದ ಚಿತೆ ಅದನ್ನು ಸುಮಾರು ಒಂದೂವರೆ ಕ್ವಿಂಟಲ್‌ಗೆ ಇಳಿಸಿತು. ನಮ್ಮ ಎಷ್ಟು ರುದ್ರಭೂಮಿಗಳ ಉಸ್ತುವಾರಿಯವರು ಅದನ್ನು ಹತ್ತಿರದಿಂದ ನೋಡಿದ್ದಾರೆ?

ಇಷ್ಟೆಲ್ಲ ಹೇಳುವಾಗ ಸಂಘಟನೆಯ ಕತ್ತಲೆ ಮುಖವನ್ನು ಮುಚ್ಚಿಡಬಾರದು. ಒಂದು ಕಸುಬಿನವರು ಒಟ್ಟುಗೂಡಿದರೆ ಕಲಿಯುವುದೂ ಉಂಟು, ಗಿರಾಕಿಯ ವಿರುದ್ಧ ಕೈಜೋಡಿಸುವುದೂ ಉಂಟು. ಅಮೆರಿಕದ ಅದೇ ರಾಷ್ಟ್ರೀಯ ಸಂಘ ತನ್ನ ಸದಸ್ಯರು ದರವನ್ನು ಜಾಹೀರು ಮಾಡದಂತೆ ತಡೆಯುತ್ತಿದೆ ಎಂದು ಅಲ್ಲಿನ ನ್ಯಾಯ ಇಲಾಖೆ 1960ರ ದಶಕದ ಕೊನೆಯಲ್ಲಿ ಮೊಕದ್ದಮೆ ಹೂಡಬೇಕಾಯಿತು. 1963ರಲ್ಲಿ ಲೇಖಕಿ ಜೆಸಿಕಾ ಮಿಟ್‌ಫರ್ಡ್ ತಮ್ಮ ಪುಸ್ತಕದಲ್ಲಿ, ದುಃಖದಲ್ಲಿರುವ ಮನೆಯವರಿಗೆ ದುಬಾರಿ ಪೆಟ್ಟಿಗೆ, ಬೇಡದ ಸೇವೆ ಹೇಗೆ ಮಾರಾಟವಾಗುತ್ತಿವೆ ಎಂದು ಎಳೆಎಳೆಯಾಗಿ ಬಿಡಿಸಿಟ್ಟರು. ಕೊನೆಗೆ 1984ರಲ್ಲಿ ಜಾರಿಯಾದ ನಿಯಮದಂತೆ, ಪ್ರತಿಯೊಂದು ಸೇವೆಯ ದರವನ್ನು ಬಿಡಿಬಿಡಿಯಾಗಿ ಬರೆದು ಕೇಳಿದವರ ಕೈಗೆ ಕೊಡುವುದು, ಫೋನಿನಲ್ಲಿ ಕೇಳಿದರೂ ಹೇಳುವುದು ಕಡ್ಡಾಯವಾಯಿತು. ಬ್ರಿಟನ್ 2021ರಲ್ಲಿ ಇಂಥದೇ ಆದೇಶ ಮಾಡಿತು.

ಬೆಂಗಳೂರಿಗೆ ಆ ನಿಯಮ ತುರ್ತಾಗಿ ಬೇಕು. 2025ರ ಅಕ್ಟೋಬರ್‌ನಲ್ಲಿ ಈ ನಗರದ ನಿವೃತ್ತ ಅಧಿಕಾರಿಯೊಬ್ಬರು ತಮ್ಮ ಒಬ್ಬಳೇ ಮಗಳು ತೀರಿಕೊಂಡಾಗ ಆಂಬುಲೆನ್ಸ್‌ನಿಂದ ಮರಣ ಪ್ರಮಾಣಪತ್ರದ ತನಕ ಹೆಜ್ಜೆ ಹೆಜ್ಜೆಗೂ ಲಂಚ ಕೊಡಬೇಕಾಯಿತೆಂದು ಬರೆದುಕೊಂಡರು. ಬೆಳ್ಳಂದೂರು ಪೊಲೀಸ್ ಠಾಣೆಯ ಇಬ್ಬರು ಅಮಾನತಾದರು. ಹಣವಂತ ತಂದೆ ಕೊಟ್ಟರು, ಬರೆದರು, ಸುದ್ದಿಯಾಯಿತು. ಕೂಲಿ ಮಾಡುವ ತಂದೆ ಸಾಲ ಮಾಡಿ ಕೊಡುತ್ತಾನೆ, ಸುಮ್ಮನಾಗುತ್ತಾನೆ. ಕಸುಬಿನವರ ಸಭೆ ನಡೆದರೆ ಮೊದಲ ಗೋಷ್ಠಿ ದರಪಟ್ಟಿಯದ್ದೇ ಆಗಬೇಕು, ಅಲ್ಲಿ ಗ್ರಾಹಕರ ಪರ ಮಾತಾಡುವವರಿಗೂ ಕುರ್ಚಿ ಇರಬೇಕು. ಪ್ರಾಮಾಣಿಕವಾಗಿ ದುಡಿಯುವವರು ಈ ನಗರದಲ್ಲಿ ಬಹಳ ಮಂದಿ ಇದ್ದಾರೆ. ಗೇಟಿನ ಬಳಿ ಸುಲಿಯುವವರಿಂದ ಅವರ ಹೆಸರೂ ಕೆಡುತ್ತಿದೆ. ಆ ಸಿಟ್ಟನ್ನು ಹೇಳಿಕೊಳ್ಳಲು ಅವರಿಗೊಂದು ಜಾಗ ಬೇಕು.

ಹೊಸ ತಲೆಮಾರು ಈ ಕೆಲಸಕ್ಕೆ ಬರುತ್ತಿರುವುದು ನೆಮ್ಮದಿಯ ಸಂಗತಿ. ಸಾಫ್ಟ್‌ವೇರ್ ಕೆಲಸ ಬಿಟ್ಟ ಶ್ರುತಿ ರೆಡ್ಡಿ ಸೇಥಿ 2016ರಲ್ಲಿ ಕೋಲ್ಕತ್ತದಲ್ಲಿ ‘ಅಂತ್ಯೇಷ್ಟಿ’ ಸಂಸ್ಥೆ ಶುರುಮಾಡಿದರು. 2022ರ ನವೆಂಬರ್‌ನಲ್ಲಿ ದೆಹಲಿಯ ಅಂತರರಾಷ್ಟ್ರೀಯ ವ್ಯಾಪಾರ ಮೇಳದಲ್ಲಿ ಮುಂಬೈಯ ‘ಸುಖಾಂತ್’ ಸಂಸ್ಥೆ ಚಟ್ಟವನ್ನೇ ಇಟ್ಟು ಮಳಿಗೆ ತೆರೆದಾಗ ಜಾಲತಾಣಗಳಲ್ಲಿ ನಕ್ಕವರೇ ಹೆಚ್ಚು. ಸಾಯುವುದಕ್ಕೂ ಮೇಳವೇ ಎಂದರು. ನಗುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಮನೆಯಲ್ಲಿ ಯಾರೂ ಇಲ್ಲದ ಮುದುಕಿಯೊಬ್ಬಳು ತನ್ನ ಕೊನೆಯ ಏರ್ಪಾಡನ್ನು ಬದುಕಿದ್ದಾಗಲೇ ಕೇಳಿ ತಿಳಿಯಲು ನಾಚಬೇಕಾದ ಕಾರಣವಿಲ್ಲ.

ಆದರೆ ಸಮ್ಮೇಳನವೆಂದರೆ ಹವಾನಿಯಂತ್ರಿತ ಸಭಾಂಗಣದಲ್ಲಿ ಕಂಪನಿಯ ಮಾಲೀಕರು ಕಾರ್ಡು ಬದಲಿಸಿಕೊಳ್ಳುವುದು ಎಂದಾಗಿಬಿಟ್ಟರೆ ಅದರಿಂದ ನಮಗೆ ಲಾಭವಿಲ್ಲ. ಹದಿಮೂರನೇ ಶತಮಾನದ ರಾಘವಾಂಕ ತನ್ನ ಕಾವ್ಯದಲ್ಲಿ ರಾಜ ಹರಿಶ್ಚಂದ್ರನನ್ನೇ ವೀರಬಾಹುವಿನ ಆಳಾಗಿ ಸುಡುಗಾಡಿನಲ್ಲಿ ನಿಲ್ಲಿಸಿದ. ಶ್ರೀರಾಂಪುರದ ರುದ್ರಭೂಮಿಗೆ ಹರಿಶ್ಚಂದ್ರ ಘಾಟ್ ಎಂದು ಹೆಸರಿಟ್ಟು ನಾವು ಆ ಕಥೆಗೆ ಕೈಮುಗಿದೆವು. ಅಲ್ಲಿ ದುಡಿಯುವವರಿಗೆ ಮಾತ್ರ ವರ್ಷಗಟ್ಟಲೆ ಸರಿಯಾದ ಸಂಬಳ ಕೊಡಲಿಲ್ಲ. ಸ್ಮಶಾನದ ಆವರಣದಲ್ಲೇ ಸಂಸಾರ ಹೂಡಿ, ಶವ ತಂದವರು ಕೊಟ್ಟಷ್ಟರಲ್ಲಿ ಬದುಕಿದ ದಲಿತ ಕುಟುಂಬಗಳು ಈ ನಗರದಲ್ಲಿವೆ. ಅಪ್ಪನ ಗುದ್ದಲಿ ಮಗನ ಕೈಗೆ ಬಂದಿದೆ. 2022ರಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರು ಇವರನ್ನು ‘ಸತ್ಯ ಹರಿಶ್ಚಂದ್ರ ಬಳಗ’ ಎಂದು ಕರೆದು, ಪೌರಕಾರ್ಮಿಕರಂತೆ ಕಾಯಂ ಮಾಡುವ ಮಾತು ಕೊಟ್ಟರು. ಸಮ್ಮೇಳನದ ವೇದಿಕೆಯಲ್ಲಿ ಮೊದಲ ಮಾತು ಈ ಬಳಗದವರದ್ದಾಗಬೇಕು. ಕೈಗವಸು, ಬೂಟು, ಧನುರ್ವಾಯು ಚುಚ್ಚುಮದ್ದು, ಕುಡಿತಕ್ಕೆ ಬೀಳದಂತೆ ಮನಸ್ಸಿಗೆ ಬೇಕಾದ ಆಸರೆ, ಮಕ್ಕಳ ಶಾಲೆ, ಇವೆಲ್ಲ ಶವಸಂಸ್ಕಾರದ ಗುಣಮಟ್ಟದ ವಿಷಯಗಳೇ. ತನ್ನ ಮೈಯನ್ನೇ ಯಾರೂ ಲೆಕ್ಕಕ್ಕೆ ಇಡದ ಕೆಲಸಗಾರನಿಂದ ಹೆಣದ ಮೈಗೆ ಮರ್ಯಾದೆ ಕೊಡೆಂದು ಯಾವ ಬಾಯಲ್ಲಿ ಕೇಳುವುದು?

ಶವಾಗಾರದ ಸಿಬ್ಬಂದಿಯನ್ನೂ ಬಿಡುವಂತಿಲ್ಲ. ಶವಾಗಾರಗಳಲ್ಲಿ ಸಿ.ಸಿ. ಟಿವಿ ಕ್ಯಾಮೆರಾ ಅಳವಡಿಸಿ, ಅಲ್ಲಿ ಮೃತರ ಮೇಲೆ ಅಪಚಾರ ನಡೆಯದಂತೆ ನೋಡಿಕೊಳ್ಳಬೇಕೆಂದು ಕರ್ನಾಟಕ ಹೈಕೋರ್ಟ್ 2023ರ ಮೇ ತಿಂಗಳ ತೀರ್ಪಿನಲ್ಲಿ ಸರ್ಕಾರಕ್ಕೆ ಹೇಳಿತು. ಕ್ಯಾಮೆರಾ ಕಾವಲು ಕಾಯಬಲ್ಲದು. ನಡವಳಿಕೆ ಕಲಿಸಲು ಹಿರಿಯ ಸಹೋದ್ಯೋಗಿ ಬೇಕು.

ಇದಕ್ಕೆ ಕೋಟಿಗಳ ಖರ್ಚಿಲ್ಲ. ಎರಡು ದಿನ, ಒಂದು ಸಭಾಂಗಣ, ಊಟದ ವ್ಯವಸ್ಥೆ, ಬಂದವರಿಗೆ ಆ ದಿನಗಳ ಕೂಲಿ. ಕೂಲಿ ಕೊಡದೆ ಕರೆದರೆ ಬರಬೇಕಾದವರು ಬರುವುದಿಲ್ಲ. ವಿಧಿವಿಜ್ಞಾನದ ವೈದ್ಯರು ಪೇಸ್‌ಮೇಕರ್ ವಿಷಯ, ಸೋಂಕಿನ ವಿಷಯ ಹೇಳಲಿ. ನೋಂದಣಾಧಿಕಾರಿ ನಮೂನೆಗಳನ್ನು ತುಂಬಿಸಿ ತೋರಿಸಲಿ. ಕುಲುಮೆಯ ಎಂಜಿನಿಯರ್ ಕೆಲಸಗಾರರ ದೂರುಗಳನ್ನು ಕೂತು ಕೇಳಿಸಿಕೊಳ್ಳಲಿ. ಮಸೀದಿಯ ಗುಸುಲ್ (ಮೈ ತೊಳೆಸುವ) ತಂಡ, ಚರ್ಚಿನ ಹಿರಿಯರು, ಅಪರಕರ್ಮದ ಪುರೋಹಿತರು, ಜಂಗಮರು ತಮ್ಮ ತಮ್ಮ ಪದ್ಧತಿಯನ್ನು ಉಳಿದವರಿಗೆ ವಿವರಿಸಲಿ. ಎಲ್ಲವೂ ಕನ್ನಡದಲ್ಲಿ ನಡೆಯಲಿ. ತಮಿಳು, ತೆಲುಗು, ಉರ್ದು ಮನೆಮಾತಿನ ಕೆಲಸಗಾರರಿಗೆ ಪಕ್ಕದಲ್ಲೇ ಹೇಳಿಕೊಡುವವರಿರಲಿ. ಕೊನೆಗೆ ಒಂದು ಚಿಕ್ಕ ಕೈಪಿಡಿ ಅಚ್ಚಾಗಿ ಪ್ರತಿ ಶವವಾಹನದಲ್ಲೂ ಇರಲಿ.

2025ರ ಸೆಪ್ಟೆಂಬರ್‌ನಿಂದ ಬೆಂಗಳೂರಿಗೆ ಐದು ನಗರ ಪಾಲಿಕೆಗಳು ಬಂದಿವೆ. ಚಿಕ್ಕ ಪಾಲಿಕೆಗೆ ತನ್ನ ಚಿತಾಗಾರದ ಕೆಲಸಗಾರನ ಹೆಸರು ಗೊತ್ತಿರುವುದು ಸಾಧ್ಯ. ನಮ್ಮ ಭಾಗದ ಪಾಲಿಕೆ ಈ ಸಭೆಯನ್ನು ಮೊದಲು ಕರೆಯಲಿ. ಜಯನಗರದ, ಜೆ.ಪಿ. ನಗರದ ನಿವಾಸಿಗಳ ಸಂಘಗಳು ಸಭಾಂಗಣದ ಬಾಡಿಗೆ ಹೊರಲಿ. ಇಲ್ಲಿ ಕೂತವರಲ್ಲಿ ವೈದ್ಯರು, ವಕೀಲರು, ನಿವೃತ್ತ ಎಂಜಿನಿಯರ್‌ಗಳು ಬಹಳ ಮಂದಿ ಇದ್ದೀರಿ. ತಲಾ ಒಂದು ಗಂಟೆಯ ಪಾಠಕ್ಕೆ ಹೆಸರು ಕೊಡಿ. ಅಲ್ಲಿಯ ತನಕ ಪ್ರತಿ ಮನೆಯವರೂ ಮಾಡಬಹುದಾದ ಎರಡು ಕೆಲಸಗಳಿವೆ: ಮನೆಯಲ್ಲಿ ಯಾರಿಗಾದರೂ ಪೇಸ್‌ಮೇಕರ್ ಇದ್ದರೆ ಅದನ್ನು ಬರೆದಿಟ್ಟು ಚಿತಾಗಾರದವರಿಗೆ ತಪ್ಪದೆ ತಿಳಿಸಿ, ಮತ್ತು ಶವಸಂಸ್ಕಾರದವರನ್ನು ಕರೆದಾಗ ದರಪಟ್ಟಿಯನ್ನು ಬರಹದಲ್ಲೇ ಕೇಳಿ ಪಡೆಯಿರಿ.